ಬಟಾಣಿಗೆ ಹೊದಿಸಿದ ಹುಲ್ಲು

ಪುರವರ
ಧಾತು ಸಂವತ್ಸರದ ಪುಷ್ಯ ಬಹುಳ ತದಿಗೆ
(೨೯ ಜನವರಿ ೧೯೩೭)

ಪಟ್ಟನಾಯಕನಹಳ್ಳಿಯ ನಮ್ಮ ಯಜಮಾನರ ಸನ್ನಿಧಾನಕ್ಕೆ, ನರಸಮ್ಮನ ನಮಸ್ಕಾರಗಳು.

ಮೊದಲು ಹೇಳಬೇಕಾದ ಮಾತು, ನಾನು ಬದುಕಿದ್ದೇನೆ.

ಎಲ್ಲರ ಕಾಗದದಲ್ಲೂ ‘ಇತ್ತ ನಾವು ಕ್ಷೇಮ’ ಎಂದು ಇರುತ್ತದೆ, ಓದುವವರು ಅದನ್ನು ಹಾರಿಸಿ ಮುಂದಕ್ಕೆ ಹೋಗುತ್ತಾರೆ. ನೀವು ದಯವಿಟ್ಟು ಹಾರಿಸಬೇಡಿ. ಈ ಕಾಗದದಲ್ಲಿ ಸುದ್ದಿಯೇ ಅದು. ಬಿಚ್ಚುವ ಮೊದಲೇ ಎದೆ ಒಡೆದುಕೊಳ್ಳಬಾರದೆಂದು ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದೇನೆ. ಅಕ್ಷರ ನನ್ನದೇ, ಮಧುಗಿರಿಯ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಕಲಿತದ್ದು. ಕೋಳಿ ಕೆದಕಿದ ಹಾಗಿದೆ ಎಂದು ನೀವು ನಗುತ್ತಿದ್ದಿರಲ್ಲ, ಅದೇ ಅಕ್ಷರ. ದೆವ್ವಗಳು ಬರೆಯುವುದಿದ್ದರೂ ಇಷ್ಟು ಕೆಟ್ಟದಾಗಿ ಬರೆಯಲಾರವು. ಲಕೋಟೆಯ ಮೇಲೆ ನಿಮ್ಮ ಹೆಸರು ಬರೆದದ್ದು ಮಾತ್ರ ಅಪ್ಪ. ಗಂಡನ ಹೆಸರನ್ನು ನಾನು ಬಾಯಲ್ಲೂ ಹೇಳಿದವಳಲ್ಲ, ಕೈಯಲ್ಲಿ ಹೇಗೆ ಬರೆಯಲಿ?

ನನಗೆ ಸಿಟ್ಟು ಬಂದಿದೆಯೋ ನಗು ಬಂದಿದೆಯೋ ನನಗೇ ತಿಳಿಯುತ್ತಿಲ್ಲ. ನಿನ್ನೆಯಿಂದ ಒಲೆಯ ಮುಂದೆ ಕೂತರೆ ನಗು ಬರುತ್ತದೆ, ಎದ್ದು ನೀರು ಸೇದಲು ಹೋದರೆ ಅಳು ಬರುತ್ತದೆ. ಎಲ್ಲಿಂದ ಶುರು ಮಾಡಬೇಕೆಂಬುದೂ ತಿಳಿಯದು. ನಿಮ್ಮಿಂದಲೇ ಶುರು ಮಾಡುತ್ತೇನೆ.

ಮೊನ್ನೆ ಬೆಳಿಗ್ಗೆ ನೀವು ಪುರವರಕ್ಕೆ ಬಂದಿರಂತೆ. ಎರಡು ವರ್ಷದ ಮೇಲೆ ಬಂದವರು ನಮ್ಮ ಬೀದಿಯ ತಿರುವಿನವರೆಗೂ ಬಂದು, ಅಲ್ಲಿಂದ ಮನೆ ನೋಡಿ, ಅಲ್ಲಿಂದಲೇ ತಿರುಗಿ ಹೋದಿರಂತೆ. ನೇರವಾಗಿ ತೋವಿನಕೆರೆಗೆ ನಡೆದು, ನಿಮ್ಮ ಅಕ್ಕ ಹನುಮಕ್ಕತ್ತಿಗೆಯ ಜಗಲಿಯ ಮೇಲೆ ಕುಸಿದು ಕೂತು, ನಾನು ಸತ್ತೆ ಎಂದು ಹೇಳಿದಿರಂತೆ. ಇದೆಲ್ಲ ನನಗೆ ನಿನ್ನೆ ತಿಳಿಯಿತು. ಹೇಗೆ ತಿಳಿಯಿತೆಂದು ಆಮೇಲೆ ಬರೆಯುತ್ತೇನೆ.

ನೀವು ಕಂಡದ್ದೇನೆಂದು ನಾನೇ ಬೀದಿಯ ತಿರುವಿಗೆ ಹೋಗಿ ನಿಂತು ನೋಡಿ ಬಂದೆ. ನಿಮ್ಮ ತಪ್ಪೆಂದು ಹೇಳಲು ಬಾಯಿ ಬರುವುದಿಲ್ಲ. ಮೊನ್ನೆ ಬಾಗಿಲ ಮುಂದೆ ನೆಲ್ಲುಹುಲ್ಲು ಚೆಲ್ಲಾಡಿತ್ತು. ಹೆಣ ಮಲಗಿಸಿ ಎತ್ತಿಕೊಂಡು ಹೋದ ಮನೆಯ ಮುಂದೆ ಹೇಗಿರುತ್ತದೋ ಹಾಗೆಯೇ. ಅಂಗಳಕ್ಕೆ ಸಗಣಿನೀರಿಲ್ಲ, ಹೊಸಿಲಿಗೆ ರಂಗೋಲಿ ಇಲ್ಲ. ಒಂದು ಮಗ್ಗುಲಿಗೆ ಬೆಂಕಿ ಹೊಗೆಯಾಡುತ್ತಿತ್ತು. ಅದರ ಪಕ್ಕದಲ್ಲಿ ಅಪ್ಪ ತಲೆ ಬೋಳಿಸಿಕೊಂಡು, ಟವಲು ಹೊದ್ದು, ತಲೆ ತಗ್ಗಿಸಿ ಕೂತಿದ್ದರು. ಈ ಮನೆಯಲ್ಲಿ ಇರುವವರು ಇಬ್ಬರೇ. ಒಬ್ಬರು ಕೂತಿದ್ದಾರೆಂದರೆ ಹೋದವಳು ನಾನೇ ಆಗಿರಬೇಕು.

ಆದರೆ ಕೇಳಿ. ಅಪ್ಪ ಸಂಕ್ರಾಂತಿಗೆ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದರು. ಮದುವೆಯಾದ ಮಗಳು ಸತ್ತರೆ ಅಪ್ಪ ಬೋಳಿಸಿಕೊಳ್ಳುತ್ತಾನೆಯೇ? ಅದು ನಿಮ್ಮ ಪಾಲಿನ ಕೆಲಸವಲ್ಲವೇ? ಅಷ್ಟಾದರೂ ಯೋಚಿಸಬಾರದಿತ್ತೇ? ಬೆಂಕಿ ಚಳಿ ಕಾಯಿಸಲು ಹಾಕಿದ್ದು. ತಲೆಯಲ್ಲಿ ಕೂದಲಿಲ್ಲದೆ ಪುಷ್ಯದ ಚಳಿ ಅವರಿಗೆ ನೆತ್ತಿಗೇ ಇಳಿಯುತ್ತಿದೆ. ರಂಗೋಲಿ ಇಲ್ಲದ್ದು, ನಾನು ಹೊರಗಾಗಿ ಕೊಟ್ಟಿಗೆಯ ಪಕ್ಕದಲ್ಲಿ ಕೂತಿದ್ದರಿಂದ. ಮನೆಯಲ್ಲಿ ಇನ್ನೊಬ್ಬ ಹೆಂಗಸಿಲ್ಲ. ಅಪ್ಪನಿಗೆ ಸಾರು ಮಾಡಲು ಬರುತ್ತದೆ, ರಂಗೋಲಿ ಬರುವುದಿಲ್ಲ.

ಇನ್ನು ಹುಲ್ಲು. ಅದು ನನ್ನ ಬಟಾಣಿಗೆ.

ಈ ಮಾತು ಓದಿ ನೀವು ಕಾಗದ ಮಡಿಸಿಡುತ್ತೀರೆಂದು ಗೊತ್ತು. ಮಡಿಸಬೇಡಿ. ನಾನು ಸತ್ತಿದ್ದಕ್ಕೂ ಬಟಾಣಿಯೇ ಕಾರಣ, ನಿಮ್ಮ ಮನೆ ಬಿಟ್ಟು ಬಂದದ್ದಕ್ಕೂ ಬಟಾಣಿಯೇ ಕಾರಣ ಎಂದು ಊರೆಲ್ಲ ಹೇಳುತ್ತದೆ. ಅದು ಅರ್ಧ ನಿಜ. ಇನ್ನರ್ಧ ನಿಮಗೂ ಗೊತ್ತು, ನನಗೂ ಗೊತ್ತು, ನಾವಿಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ. ಈಗ ಸತ್ತವಳಿಗೆ ಏನು ಸಂಕೋಚ, ಬರೆದುಬಿಡುತ್ತೇನೆ.

ಮೈಸೂರಿನ ದಸರಾ ವಸ್ತುಪ್ರದರ್ಶನದಿಂದ ನೀವು ಬಟಾಣಿ ಬೀಜ ತಂದಿರಿ. ಪಾತಿಯನ್ನು ಎಷ್ಟು ಚೊಕ್ಕಟ ಮಾಡಿದಿರೆಂದರೆ ಅದರ ಮೇಲೆ ಎಲೆ ಹಾಕದೆಯೇ ಊಟ ಬಡಿಸಬಹುದಿತ್ತು. ನಿಮಗೆ ಕಸ ಕಂಡರೆ ಆಗದು. ಒಂದು ಹೊಂಗೆ ಎಲೆ ಬಿದ್ದರೂ ಬಗ್ಗಿ ಆಯ್ದು ಗೋಡೆಯಾಚೆ ಎಸೆಯುತ್ತಿದ್ದಿರಿ. ಆ ಬೋಳು ಮಣ್ಣು ಮಧ್ಯಾಹ್ನದ ಹೊತ್ತಿಗೆ ಹೆಂಚಿನ ಹಾಗೆ ಕಾಯುತ್ತಿತ್ತು. ಬಳ್ಳಿಗಳು ಜೋಲು ಬೀಳುತ್ತಿದ್ದವು, ಹೂವು ಕಾಯಿ ಕಚ್ಚದೆ ಉದುರುತ್ತಿದ್ದವು. ಬಣವೆಯ ಬುಡದಲ್ಲಿ ನನ್ನ ಮಡಿಲಿಂದ ಜಾರಿದ ಒಂದೆರಡು ಬೀಜ ಮಾತ್ರ ಉದುರು ಹುಲ್ಲಿನ ನಡುವೆ ತಣ್ಣಗೆ ಬೆಳೆದಿದ್ದವು. ಅದನ್ನು ನೋಡಿಯೇ ನೀವು ಸಿರಾ ಸಂತೆಗೆ ಹೋದಾಗ ನಾನು ಪಾತಿಯ ತುಂಬ ತರಗೆಲೆ ಹರವಿದೆ. ನೀವು ಬಂದವರೇ ಗುದ್ದಲಿ ತೆಗೆದುಕೊಂಡು ಎಲ್ಲವನ್ನೂ ಎಳೆಯತೊಡಗಿದಿರಿ, ಜೊತೆಗೆ ಬೇರೂ ಕಿತ್ತು ಬಂತು.

ಅದಕ್ಕೆ ನಾನು ಮನೆ ಬಿಡುತ್ತಿರಲಿಲ್ಲ. ಜಗಳವಾಡಿ, ಒಂದು ಹೊತ್ತು ಉಣ್ಣದೆ, ಮತ್ತೆ ಉಣ್ಣುತ್ತಿದ್ದೆ. ಆದರೆ ಅತ್ತೆಮ್ಮ ಬಾಗಿಲಲ್ಲಿ ನಿಂತು, “ಇವ್ಳ ಕೈ ಮುಟ್ಟಿದ್ದು ಯಾವ್ದು ಉಳ್ಕಂಡೈತೆ ಯೋಳು” ಅಂದರು. ನಮ್ಮ ಕೂಸು ಹೋಗಿ ಆಗ ಇನ್ನೂ ವರ್ಷ ತುಂಬಿರಲಿಲ್ಲ. ಅತ್ತೆಮ್ಮನ ಬಾಯಿ ಅವರದು, ನಾನು ನೋಡಿದ್ದು ನಿಮ್ಮನ್ನು. ನೀವು ತಲೆಯೆತ್ತಲಿಲ್ಲ. ಗುದ್ದಲಿ ಹಿಡಿದು ಕೆದಕುತ್ತಲೇ ಇದ್ದಿರಿ. ನಾನು ನಿಂತೇ ಇದ್ದೆ, ನೀವು ಸಾಲಿನ ಕೊನೆಯವರೆಗೂ ಕೆದಕಿದಿರಿ. ಆಮೇಲೆ ನಾನು ಒಳಗೆ ಹೋಗಿ, ಅಟ್ಟದ ತೊಲೆಗೆ ನೀವು ತೂಗುಹಾಕಿದ್ದ ಮಿಕ್ಕ ಬೀಜದ ಗಂಟನ್ನು ಇಳಿಸಿಕೊಂಡೆ. ನಿಮ್ಮ ಗಂಟು ಯಾರಿಂದ ಬಿಚ್ಚಲಾಗುತ್ತದೆ? ಕುಡುಗೋಲಿನಿಂದ ಬಟ್ಟೆಯನ್ನೇ ಕೊಯ್ದು, ಬೀಜವನ್ನು ಸೆರಗಿಗೆ ಸುರಿದುಕೊಂಡು ಬಂದುಬಿಟ್ಟೆ. ಬಟ್ಟೆ ಕೊಯ್ದಳೆಂದು ಅತ್ತೆಮ್ಮ ಇನ್ನೂ ಹೇಳುತ್ತಾರಂತೆ.

ಹೋದ ವರ್ಷ ಇಲ್ಲಿ ಬಿತ್ತಿದೆ. ನೀವು ಸಂತೋಷಪಡಬಹುದು, ಎಲ್ಲ ಹಾಳಾಯಿತು. ಮೊಳಕೆ ಕಣ್ಣು ಬಿಡುವ ಮೊದಲೇ ಹಸಿ ಹೊಂಗೆಸೊಪ್ಪನ್ನು ದಪ್ಪಗೆ ಹೇರಿದ್ದೆ. ಅರ್ಧ ಅಲ್ಲೇ ಬಿಸಿಯಾಗಿ ಕೊಳೆಯಿತು. ಮಿಕ್ಕದ್ದಕ್ಕೆ ಒಣ ರಾಗಿ ಹುಲ್ಲು ಹಾಕಿದೆ, ಗೆದ್ದಲು ಹುಲ್ಲು ತಿಂದು ಬಳ್ಳಿಗೂ ಬಾಯಿ ಹಾಕಿತು. “ದನದ ಬಾಯ್ನಾಗಳ ಹುಲ್ಲು ಕಿತ್ಕೊಂಡೋಗಿ ಮಣ್ಣಿಗೆ ಹೊದಿಸ್ತೀಯಲ್ಲವ್ವಾ, ಮಣ್ಣಿಗೇನು ಚಳಿಯಾ” ಎಂದು ಅಪ್ಪ ಎರಡು ತಿಂಗಳು ನನ್ನನ್ನು ಹಾಸ್ಯ ಮಾಡಿದರು. ನಿಮ್ಮ ಬೋಳು ಪಾತಿಯೇ ಸರಿಯಿತ್ತೇನೋ ಎಂದು ನನಗೂ ಒಂದು ಗಳಿಗೆ ಅನ್ನಿಸಿತು. ಒಂದೇ ಗಳಿಗೆ.

ಈ ಸಲ ಗಿಡ ಗೇಣುದ್ದ ಆಗುವ ತನಕ ಕಾದೆ. ನೀರು ಹಾಯಿಸಿ, ಮಣ್ಣು ಒದ್ದೆ ಇರುವಾಗಲೇ ತೆಳ್ಳಗೆ ಬೇವಿನ ಸೊಪ್ಪು ಹಾಸಿ, ಮೇಲೆ ತರಗು ಹೊದಿಸಿದೆ. ಬುಡಕ್ಕೆ ತಾಗದ ಹಾಗೆ ಸುತ್ತ ಒಂದೊಂದು ಬೊಗಸೆಯಷ್ಟು ಜಾಗ ಬಿಟ್ಟೆ. ಬೇವಿನ ಕಹಿಗೆ ಗೆದ್ದಲು ಹತ್ತಿರ ಸುಳಿಯಲಿಲ್ಲ. ಹಬ್ಬಲು ತೊಗರಿ ಕಡ್ಡಿ ನೆಟ್ಟೆ. ಕಳೆ ಕೀಳುವ ಕೆಲಸ ಅರ್ಧ ಹೋಯಿತು, ನೀರು ಸೇದುವ ಕೆಲಸವೂ ಅರ್ಧ ಹೋಯಿತು. ಮಧ್ಯಾಹ್ನದ ಬಿಸಿಲಲ್ಲಿ ಹೊದಿಕೆ ಸರಿಸಿ ಕೈಯಿಟ್ಟರೆ ಮಣ್ಣು ಮಡಕೆಯ ನೀರಿನಷ್ಟು ತಣ್ಣಗಿರುತ್ತದೆ. ಕೆಳಗಿನ ಪದರ ಕರಗಿ ಗೊಬ್ಬರವಾಗಿದೆ, ಅದರ ತುಂಬ ಎರೆಹುಳು. ಯಜಮಾನರೇ, ಒಂದು ಕಾಯಿ ಬಿಡಿಸಿದರೆ ಹಲ್ಲು ಜೋಡಿಸಿದ ಹಾಗೆ ಕಾಳು ತುಂಬಿರುತ್ತದೆ. ಆ ಕಾಯಿ ಮೊದಲ ಸಲ ಕಿತ್ತಾಗ ಯಾರಿಗೆ ತೋರಿಸಲಿ ಎಂದು ಸುತ್ತ ನೋಡಿದೆ. ಅಪ್ಪನಿಗೆ ತೋರಿಸಿದೆ. ಅವರು ಬಾಯಿಗೆ ಹಾಕಿಕೊಂಡು, “ಸೀಯಾಗೈತೆ” ಅಂದು ಹೋದರು. ನನಗೆ ಅದು ಸಾಲಲಿಲ್ಲ. ಯಾಕೆ ಸಾಲಲಿಲ್ಲವೋ ಬರೆಯುವುದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಬಿಸಿಲು ಬಲಿಯತೊಡಗಿತು. ಶಿವರಾತ್ರಿಯವರೆಗೂ ಹೂವು ನಿಲ್ಲಬೇಕಾದರೆ ಇನ್ನೊಂದು ಪದರ ಹೊದಿಸಬೇಕು. ಊರಲ್ಲಿ ತರಗು ಮುಗಿದಿತ್ತು. ಆಗಲೇ ಕೊಟ್ಟಿಗೆಯ ಮಾಡು ಬಿಚ್ಚಿ ಹೊಸ ಹುಲ್ಲು ಹೊದಿಸುವ ಕೆಲಸ ಬಂತು. ಹಳೆಯ ಹುಲ್ಲನ್ನು ದನ ಮೂಸುವುದಿಲ್ಲ, ನನಗೆ ಬಂಗಾರ. ಆದರೆ ನಾನು ಹೊರಗೆ ಕೂತವಳು, ಬಳ್ಳಿ ಬಾಡುತ್ತದೆಂದು ಹಿತ್ತಿಲ ಕಡೆಗೆ ಕಾಲಿಡುವ ಹಾಗಿಲ್ಲ. ಕೂತಲ್ಲಿಂದಲೇ ಅಪ್ಪನಿಗೆ ಕೂಗಿ ಹೇಳಿದೆ, ಹುಲ್ಲು ಮುಗ್ಗಿದೆ, ಮೊದಲು ಬಿಸಿಲಿಗೆ ಹರವಿ ಎಂದು. ಹಿತ್ತಿಲಲ್ಲಿ ಹರವಿ ಎಂದು ಹೇಳಲು ಮರೆತೆ. ಅವರು ಬಾಗಿಲ ಮುಂದೆಯೇ ಹರವಿದರು. ನನ್ನ ಸಾವು ಅಷ್ಟು ಸುಲಭವಾಗಿ ಆಯಿತು.

ಆ ಹುಲ್ಲೂ ಎಲ್ಲ ಸಾಲಿಗೆ ಸಾಲುವ ಹಾಗಿರಲಿಲ್ಲ. ದೇವರು ಕೊಟ್ಟ ಹಾಗೆ ಮೊನ್ನೆಯೇ ಊರ ಮುಂದಿನ ಅರಳಿಕಟ್ಟೆಯ ಮೇಲೆ ಒಂದು ಮೂಟೆ ಕಡಲೆಕಾಯಿ ಸಿಪ್ಪೆ ಅನಾಥವಾಗಿ ಬಿದ್ದಿತ್ತು. ಪಾವಗಡದ ಗಾಡಿಗಳು ಅಲ್ಲಿ ಎತ್ತು ಬಿಚ್ಚಿ ಹೋಗಿದ್ದವು, ಅವರದೇ ಇರಬೇಕೆಂದು ಎಲ್ಲರೂ ಅಂದರು. ಸಂಜೆಯವರೆಗೂ ಯಾರೂ ಕೇಳಿಕೊಂಡು ಬರಲಿಲ್ಲ, ಸಿಪ್ಪೆ ಯಾರಿಗೆ ಬೇಕು? ಅಪ್ಪ ಹೊತ್ತು ತಂದರು. ನಿನ್ನೆ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡವಳೇ ಅದನ್ನು ಬಿಚ್ಚಲು ಕೂತೆ. ಬಾಯಿ ಕಟ್ಟಿದ ಪುಣ್ಯಾತ್ಮ ಯಾರೋ, ಹಗ್ಗ ಸಡಿಲವಾಗಲೇ ಇಲ್ಲ. ಬೈದುಕೊಂಡು ಕುಡುಗೋಲಿನಿಂದ ಕೊಯ್ದೆ. ಸುರಿದಾಗ ಸಿಪ್ಪೆಯ ಜೊತೆ ಬಾಡಿದ ವೀಳ್ಯದೆಲೆಯ ಕವಳಿಗೆ, ಒಂದಿಷ್ಟು ಅಡಿಕೆ ಬಿದ್ದವು. ಗಾಡಿಯವನ ಕೈಮರೆವು ಎಂದುಕೊಂಡೆ. ಅಡಿಕೆ ಅಪ್ಪನ ಬಾಯಿಗೆ ಹೋಯಿತು, ಎಲೆ ಪಾತಿಗೆ ಹೋಯಿತು. ಸಿಪ್ಪೆಯ ಹೊದಿಕೆ ಎಷ್ಟು ಚೆಂದ ಕೂತಿದೆಯೆಂದರೆ, ಕಸ ಕಂಡರಾಗದ ನೀವೂ ಬೈಯಲಾರಿರಿ. ಗಾಳಿಗೆ ಹಾರುವುದಿಲ್ಲ, ನೀರು ಸರಾಗ ಇಳಿಯುತ್ತದೆ.

ಕೈ ತೊಳೆದು, ಮೊರದ ತುಂಬ ಕಾಯಿ ಇಟ್ಟುಕೊಂಡು ಬಿಡಿಸುತ್ತ ಕೂತಿದ್ದೆ. ಬೀದಿಯಲ್ಲಿ ಗಾಡಿ ನಿಂತಿತು. ಇಳಿಯುವ ಮೊದಲೇ ಹೆಂಗಸರ ಅಳು.

“ಅಯ್ಯೋ ನಮ್ಮವ್ವಾ ನರಸಮ್ಮಾ, ಇಂಗೆ ಹೋಗ್ಬುಟ್ಯಾ! ನಿನ್ನಂಥ ಹೆಣ್ಣು ನಮ್ಮನೆಗೆ ಇನ್ನೆಲ್ಲಿ ಬಂದಾಳೇ! ನಿನ್ ಕೈನ ಸಾರು ಉಂಡೋರು ಬೇರೆ ಸಾರು ಮುಟ್ಟಾಕಿಲ್ವಲ್ಲೇ!”

ಅದು ಹನುಮಕ್ಕತ್ತಿಗೆಯ ಗಂಟಲು. ಬದುಕಿದ್ದಾಗ ನನ್ನ ಸಾರಿಗೆ ಉಪ್ಪು ಸಾಲದು ಎನ್ನದೆ ಒಂದು ದಿನವೂ ಉಂಡವರಲ್ಲ. ನಾನು ಯಾರು ಸತ್ತರೆಂದು ಗಾಬರಿಯಿಂದ ಮೊರ ಹಿಡಿದುಕೊಂಡೇ ಹೊರಗೆ ಬಂದೆ. ಅಳು ನಿಂತಿತು. ಜೊತೆಗೆ ಬಂದ ಹೆಂಗಸರು ಗಾಡಿಯ ಹಿಂದಕ್ಕೆ ಸರಿದರು. ಅತ್ತಿಗೆ ನನ್ನ ಮುಖ ನೋಡಲಿಲ್ಲ, ಬಗ್ಗಿ ನನ್ನ ಪಾದ ನೋಡಿದರು, ಹಿಂದುಮುಂದಾಗಿದೆಯೇ ಎಂದು. ಆಮೇಲೆ ಅಪ್ಪನ ಕಡೆಗೆ ತಿರುಗಿದರು.

“ಇದೇನ್ ಮಾವ ಇದು! ಹೆಣಕ್ಕೂ ನಮ್ಮನ್ನ ಕರೀನಿಲ್ಲ ಅಂತ ಜಗ್ಳ ಆಡಾಕೆ ಬಂದ್ರೆ ಹೆಣವೇ ಬಾಗ್ಲಿಗೆ ಬಂದದಲ್ಲ! ಕಾಗೆ ಗೀಗೆ ಮುಟ್ಟಿತ್ತಾ? ಆ ದೋಸ ಕಳೆಯಾಕೆ ಸುಳ್ಳು ಸಾವು ಯೋಳಿ ಕಳಿಸಿದ್ರಾ?”

“ಕಾಗೇನೂ ಇಲ್ಲ ಗೂಬೇನೂ ಇಲ್ಲ ಕಣಮ್ಮ. ನಾನ್ ಯಾರ್ಗೂ ಏನೂ ಯೋಳಿ ಕಳಿಸಿಲ್ಲ. ಯಾರವ್ವಾ ಸತ್ತೋರು?” ಎಂದು ಅಪ್ಪ ಕೇಳಿದರು. ಒಬ್ಬರ ಮಾತು ಒಬ್ಬರಿಗೆ ಅರ್ಥವಾಗುವ ಹೊತ್ತಿಗೆ ಬೀದಿಯೆಲ್ಲ ನೆರೆದಿತ್ತು. ಸಾವಿನ ಮನೆಯಲ್ಲಿ ನೀರೂ ಮುಟ್ಟುವ ಹಾಗಿಲ್ಲವೆಂದು ಅವರೆಲ್ಲ ಹಸಿದುಕೊಂಡೇ ಬಂದಿದ್ದರು. ಸತ್ತಿಲ್ಲವೆಂದು ಖಾತ್ರಿಯಾದ ಮೇಲೆ ಬಟಾಣಿ ಸಾರು ಮಾಡಿ ಮುದ್ದೆ ಇಕ್ಕಿದೆ. “ಇದೇನು ಅವರೇಕಾಳೂ ಅಲ್ಲ, ತೊಗರೀಕಾಳೂ ಅಲ್ಲ” ಅನ್ನುತ್ತಲೇ ಎರಡೆರಡು ಸಲ ಹಾಕಿಸಿಕೊಂಡರು. ಅತ್ತಿಗೆ ಈ ಸಲ ಉಪ್ಪಿನ ಮಾತು ಎತ್ತಲಿಲ್ಲ.

ಉಂಡಾದ ಮೇಲೆ ನಿಮ್ಮ ವಿಚಾರ ಹೇಳಿದರು. ನಾನು ಕೇಳಲಿಲ್ಲ, ಅವರಾಗಿಯೇ ಹೇಳಿದರು. ನೀವು ಅನ್ನ ಮುಟ್ಟಲಿಲ್ಲವಂತೆ. ಮನೆಯೊಳಗೆ ಹೋಗಿ ಮುಖವಾದರೂ ನೋಡಬಾರದಿತ್ತೇ ಎಂದು ಕೇಳಿದ್ದಕ್ಕೆ, “ನಂಗೆ ಯೋಳಿ ಕಳಿಸ್ನಿಲ್ಲ ಅಂದ್ಮ್ಯಾಕೆ ನಾನ್ ಯಾವ ಮುಖ ಇಟ್ಕೊಂಡು ಹೋಗ್ಲಕ್ಕಾ” ಅಂದಿರಂತೆ. ನಿನ್ನೆ ಬೆಳಿಗ್ಗೆ ಕೆರೆಯ ಹತ್ತಿರ ಹೋಗಿ ಮೀಸೆ ತೆಗೆಸಿ, ತಲೆಗೆ ನೀರು ಹಾಕಿಕೊಂಡು ಊರಿಗೆ ಹೊರಟಿರಂತೆ. ಹೋಗುವಾಗ, “ಆವತ್ತು ನಾನು ಗುದ್ದಲಿ ಕೆಳಗಿಡಬೇಕಾಗಿತ್ತು” ಎಂದು ಒಂದೇ ಮಾತು ಅಂದಿರಂತೆ. ಅತ್ತಿಗೆಗೆ ಅದರ ಅರ್ಥ ಆಗಲಿಲ್ಲ, “ಯಾವ್ ಗುದ್ಲಿನೋ ಏನೋ, ಅವ್ನಿಗೆ ತಲೆ ಕೆಟ್ಟೈತೆ” ಅಂದರು. ನನಗೆ ಅರ್ಥವಾಯಿತು. ಎದ್ದು ಒಲೆಗೆ ಸೌದೆ ಹಾಕುವ ನೆವದಲ್ಲಿ ಒಳಗೆ ಹೋದೆ.

ಅಲ್ಲಿಗೇ ಬಿಟ್ಟಿದ್ದರೆ ಇವತ್ತು ನಾನೇ ಗಾಡಿ ಹತ್ತುತ್ತಿದ್ದೆನೋ ಏನೋ. ಆದರೆ ಹೊರಡುವಾಗ ಅತ್ತಿಗೆ ಇನ್ನೊಂದು ಮಾತು ಹೇಳಿದರು. ಪಾವಗಡದ ಕಡೆಯ ಒಂದು ಹೆಣ್ಣನ್ನು ಅತ್ತೆಮ್ಮ ನಿಮಗೆ ಗೊತ್ತು ಮಾಡಿದ್ದಾರಂತೆ. ಮೊದಲ ಹೆಂಡತಿ ಎಲೆಅಡಿಕೆ ಹಿಡಿದು ಒಪ್ಪಿಗೆ ಕೊಟ್ಟರೆ ಮಾತ್ರ ಹೆಣ್ಣು ಕೊಡುತ್ತೇವೆಂದು ಅವರು ಹೇಳಿದ್ದಾರಂತೆ. ಅದಕ್ಕಾಗಿ ಅತ್ತೆಮ್ಮ ನಿಮ್ಮ ಕೈಗೆ ಎಲೆಅಡಿಕೆ ಕೊಟ್ಟೇ ಪುರವರಕ್ಕೆ ಕಳಿಸಿದ್ದಂತೆ. “ಅದಕ್ಕೇ ಬಂದಿದ್ನೋ, ನಿನ್ನ ಕರ್ಕೊಂಡೋಗಾಕೆ ಬಂದಿದ್ನೋ ನಂಗೊತ್ತಿಲ್ಲ ಕಣಮ್ಮ. ಅವ್ನು ಬಾಯೇ ಬುಡ್ಲಿಲ್ಲ. ಅಕ್ಸರ ಕಲ್ತೋಳು ನೀನು, ನೀನೇ ಬರೆದು ಕೇಳ್ಬುಡು. ಬೇಗ ಬರಿ, ಅವ್ರು ಅಲ್ಲಿ ನಿನ್ ತಿಥಿಗೆ ಅಕ್ಕಿ ಕೇರಾಕೆ ಸುರು ಮಾಡ್ಬುಡ್ತಾರೆ” ಅಂದು ಗಾಡಿ ಹತ್ತಿದರು.

ಈಗ ಹೇಳಿ, ನಾನು ಏನೆಂದು ತಿಳಿಯಲಿ? ಮೀಸೆ ತೆಗೆಸಿದವರು ನೀವೇ, ಎಲೆಅಡಿಕೆ ಹೊತ್ತು ಬಂದವರೂ ನೀವೇ. ನನಗಾಗಿ ಅತ್ತದ್ದು ನಿಜವೆಂದು ನಂಬಿದರೆ, ಆ ಹೆಣ್ಣಿನ ಮಾತು ಅಡ್ಡ ಬರುತ್ತದೆ. ಸುಳ್ಳೆಂದುಕೊಂಡರೆ, ಗುದ್ದಲಿಯ ಮಾತು ಅಡ್ಡ ಬರುತ್ತದೆ. ಈ ಕಾಗದ ಹಾಕದೆ ಸುಮ್ಮನಿದ್ದುಬಿಡೋಣ ಎಂದೂ ಅನ್ನಿಸಿತು. ಸತ್ತವಳ ಒಪ್ಪಿಗೆ ಯಾರೂ ಕೇಳುವುದಿಲ್ಲ, ನಿಮಗೂ ಸುಲಭ. ಆದರೆ ಹಾಗೆ ಸಾಯಲು ನನಗೆ ಮನಸ್ಸಿಲ್ಲ. ಬಟಾಣಿ ಇನ್ನೂ ಕಾಯಿ ಕಟ್ಟುತ್ತಿದೆ.

ಎರಡರಲ್ಲಿ ಒಂದು ಬರೆದು ತಿಳಿಸಿ. ಒಪ್ಪಿಗೆಗೆ ಬಂದಿದ್ದರೆ ಇನ್ನೊಮ್ಮೆ ಬನ್ನಿ, ಹೊಸಿಲ ಒಳಗೆ ನಿಂತು ಕೇಳಿ, ನನ್ನ ಉತ್ತರ ಆಗ ಹೇಳುತ್ತೇನೆ. ಕರೆಯಲು ಬಂದಿದ್ದರೆ ಅದನ್ನಾದರೂ ಬಾಯಿಬಿಟ್ಟು ಹೇಳಿ. ನೀವು ಹೇಳದೆ ಇದ್ದದ್ದನ್ನು ಊಹಿಸಿಕೊಂಡು ನಾನು ಎರಡು ವರ್ಷ ಕಳೆದಿದ್ದೇನೆ. ಇನ್ನು ನನ್ನಿಂದ ಆಗದು. ಅತ್ತೆಮ್ಮನಿಗೆ ನಮಸ್ಕಾರ ತಿಳಿಸಿ, ನನ್ನ ತಿಥಿಗೆ ಅಕ್ಕಿ ಕೇರಿದ್ದರೆ ದೋಸೆಗೆ ನೆನೆಹಾಕಲು ಹೇಳಿ.

ಇಂತಿ, ನಿಮ್ಮ ಕೈಹಿಡಿದವಳು, ಜೀವಂತವಾಗಿರುವ
ನರಸಮ್ಮ

ಮರೆತ ಮಾತು: ಮೇಲಿನದನ್ನೆಲ್ಲ ಬರೆದು ಮಡಿಸಿಟ್ಟು, ಬಾಗಿದ ಬಳ್ಳಿಗಳನ್ನು ಕಡ್ಡಿಗೆ ಕಟ್ಟೋಣವೆಂದು ಹಿತ್ತಿಲಿಗೆ ಹೋದೆ. ಆ ಸಿಪ್ಪೆ ಮೂಟೆಯ ಹಗ್ಗ ಅಲ್ಲೇ ಬಿದ್ದಿತ್ತು. ನಾನು ಕೊಯ್ದದ್ದು ಪಕ್ಕದಲ್ಲಿ, ಗಂಟು ಹಾಗೆಯೇ ಇತ್ತು. ಎರಡು ಸುತ್ತು ಹಾಕಿ, ತುದಿಯನ್ನು ಒಳಗೆ ತೂರಿಸಿ, ಮೇಲೊಂದು ಕುಣಿಕೆ ಎಳೆದ ಗಂಟು. ಈ ಲೋಕದಲ್ಲಿ ಒಬ್ಬರೇ ಹಾಗೆ ಕಟ್ಟುವುದು. ಹಗ್ಗ ಕೈಯಲ್ಲಿ ಹಿಡಿದು ಅಲ್ಲೇ ಸಾಲಿನ ನಡುವೆ ಕೂತುಬಿಟ್ಟೆ.

ಅಪ್ಪನನ್ನು ಕರೆದು ಕೇಳಿದೆ. “ಹೂಂ ಕಣವ್ವಾ, ಹೋದ ಮಧುಗಿರಿ ಸಂತೇಲಿ ಅಳೀಮಯ್ಯ ಸಿಕ್ಕಿದ್ರು. ಬಟಾಣಿ ಹೆಂಗವೆ ಅಂದ್ರು. ಸೆಂದಾಗವೆ, ಹೊದಿಸಾಕೆ ತರಗು ಸಾಲ್ತಿಲ್ಲ, ಕಡ್ಲೇಕಾಯಿ ಸಿಪ್ಪೆಗೆ ಕಂಡೋರ್ನೆಲ್ಲ ಕೇಳ್ಕೊಂಡು ತಿರುಗ್ತಾ ಇವ್ನಿ ಅಂದೆ. ಅವರ ಸುದ್ದಿ ಎತ್ಬ್ಯಾಡ ಅಂತ ನೀನೇ ಅಂದಿದ್ಯಲ್ಲ, ಅದಕ್ಕೇ ಯೋಳ್ನಿಲ್ಲ” ಅಂದರು.

ಒಂದು ಎಲೆ ಬಿದ್ದರೆ ಆಯ್ದು ಎಸೆಯುತ್ತಿದ್ದವರು ನನ್ನ ಪಾತಿಗೆ ಒಂದು ಮೂಟೆ ಸಿಪ್ಪೆಯನ್ನು ಹೆಗಲ ಮೇಲೆ ಹೊತ್ತು ತಂದು, ತಿರುಗಿ ಹೋಗುವಾಗ ಅರಳಿಕಟ್ಟೆಯ ಮೇಲೆ ಬಿಟ್ಟು ಹೋಗಿದ್ದೀರಿ. ಅದರೊಳಗಿನ ಎಲೆಅಡಿಕೆ ಅತ್ತೆಮ್ಮ ಕೊಟ್ಟದ್ದು. ಅದು ಗಂಟಿನ ಒಳಗಿತ್ತು. ಅಂದರೆ ಮೂಟೆಯ ಬಾಯಿ ಕಟ್ಟುವ ಮೊದಲೇ, ಮನೆ ಬಿಡುವ ಮೊದಲೇ, ನೀವು ಅದನ್ನು ಸಿಪ್ಪೆಯ ಜೊತೆ ಹಾಕಿಬಿಟ್ಟಿದ್ದಿರಿ. ಕೊಡಲು ತಂದದ್ದಾದರೆ ಜೇಬಿನಲ್ಲಿ ಇರುತ್ತಿತ್ತು. ಈಗ ಎಲೆ ನನ್ನ ಬಟಾಣಿಯ ಬುಡದಲ್ಲಿ ಕೊಳೆಯುತ್ತಿದೆ, ಅಡಿಕೆಯನ್ನು ನಿಮ್ಮ ಮಾವ ಅಗಿದು ಉಗುಳಿದ್ದಾರೆ. ಪಾವಗಡದವರಿಗೆ ಹಾಗೆಯೇ ಹೇಳಿ ಕಳಿಸಿ.

ಮೇಲೆ ಕೇಳಿದ್ದಕ್ಕೆ ಉತ್ತರ ಬರೆಯಬೇಡಿ. ಮೀಸೆ ಬರುವವರೆಗೆ ಕಾಯಲೂ ಬೇಡಿ, ಬನ್ನಿ. ಬಾಗಿಲಲ್ಲಿ ಹುಲ್ಲು ಇರಬಹುದು, ಇನ್ನೂ ಒಂದು ಹೊರೆ ಒಣಗಬೇಕು. ಅದನ್ನು ನೋಡಿ ತಿರುಗಿ ಹೋಗಬೇಡಿ. ಇವತ್ತಿನಿಂದ ಹೊಸಿಲಲ್ಲಿ ದಿನವೂ ರಂಗೋಲಿ ಇರುತ್ತದೆ, ಅದನ್ನು ದಾಟಿ ಒಳಗೆ ಬನ್ನಿ. ಇನ್ನೂ ಎರಡು ಸಾಲಿಗೆ ಹೊದಿಕೆ ಇಲ್ಲ, ಬರುವಾಗ ಇನ್ನೊಂದು ಮೂಟೆ ಸಿಪ್ಪೆ ತನ್ನಿ. ಅದರ ಬಾಯಿ ಮಾತ್ರ ಕಟ್ಟಬೇಡಿ.